ಸಿಹಿಸೊಪ್ಪಿನ ಜಾಗ

ಕೆಳಗೆ, ಕಂಬಗಳ ಮೇಲೆ ನಿಂತ ಮನೆಯಡಿಯಲ್ಲಿ ಅಮ್ಮ ಬಿದಿರುಗೋಲನ್ನು ಕಂಬದಿಂದ ಬಿಚ್ಚಿದ ಸದ್ದಿಗೇ ಸಾಯ್‌ಫಿನ್‌ಗೆ ಎಚ್ಚರವಾಯಿತು. ಅವಳು ಕಣ್ಣು ತೆರೆಯಲಿಲ್ಲ. ಅಮ್ಮ ಯಾರ ಹೆಸರು ಹಿಡಿದು ಕರೆಯುತ್ತಾಳೆಂದು ಗೊತ್ತಿದ್ದರೂ ಕಿವಿ ಮಾತ್ರ ಕಾದೇ ಇತ್ತು.

“ಒರಥೈ, ಏಳು ಮಗಾ. ಬಿಸಿಲೇರಿದ್ರೆ ಕೆಂಜಿಗಕ್ಕೆ ಸಿಟ್ಟು ಜಾಸ್ತಿ.”

“ಎದ್ದೆ ಅಮ್ಮ.”

ಅಮ್ಮ ಅಂತೆ. ತಮ್ಮ ಉದೊಮ್ ಇವಳನ್ನು ದಕ್ಷಿಣದ ಕಡಲತೀರದಿಂದ ಕಟ್ಟಿಕೊಂಡು ಬಂದು ಇನ್ನೂ ಎರಡು ಮಳೆಗಾಲ ಕಳೆದಿಲ್ಲ. ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗಿ ಇರುವುದು ಈ ಸೀಮೆಯ ಪದ್ಧತಿ. ಆದರೆ ಒರಥೈಗೆ ಅಪ್ಪ ಅಮ್ಮ ಇಲ್ಲ, ಹೋಗಿ ಇರಲು ಮನೆಯೂ ಇಲ್ಲ. ಹೀಗಾಗಿ ಪದ್ಧತಿ ತಿರುವುಮುರುವಾಗಿ, ಒಬ್ಬಳೇ ಮಗಳಿದ್ದ ಮನೆಗೆ ಸೊಸೆ ಬಂದಿದ್ದಳು. ಸಾಯ್‌ಫಿನ್‌ಳ ಗಂಡನಾದರೋ ಪದ್ಧತಿಯಂತೆ ಈ ಮನೆಗೇ ಬಂದವನು, ಮೂರು ಸುಗ್ಗಿ ಉಂಡು, ಒಂದು ದಿನ ಹೇಳದೆ ಕೇಳದೆ ಹೊರಟುಹೋಗಿದ್ದ. ಆಮೇಲೆ ಅವಳಿಗೆ ಉಳಿದದ್ದು ಮಗ್ಗ, ಅಡುಗೆಮನೆ ಮತ್ತು ಅಮ್ಮ. ಈಗ ಅಮ್ಮನೂ ಪಾಲಾಗಿದ್ದಳು.

ಅವಳು ಹಲಗೆಯ ಸಂದಿಯಿಂದ ಕೆಳಗೆ ನೋಡಿದಳು. ಒರಥೈ ಕೋಲು ಹೆಗಲಿಗೇರಿಸಿ, ನೀರಿನ ಬಕೆಟ್ಟು ಹಿಡಿದು ಮುಂದೆ ನಡೆದಳು. ಅಮ್ಮ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಸೊಸೆಯ ಹೆಗಲ ಮೇಲೆ ಕೈಯಿಟ್ಟಳು. ಮಗಳ ಹೆಗಲ ಮೇಲೆ ಅಮ್ಮ ಕೈಯಿಟ್ಟು ನಡೆದದ್ದು ಸಾಯ್‌ಫಿನ್‌ಗೆ ನೆನಪಿಲ್ಲ.

ಕೆಂಜಿಗದ, ಆ ಕೆಂಪಿರುವೆಯ, ಮೊಟ್ಟೆ ಎಲ್ಲರಿಗೂ ಸಿಗುತ್ತದೆ. ಮಾವಿನ ಮರದಲ್ಲಿ, ಗದ್ದೆಯ ಬದುವಿನ ಮರದಲ್ಲಿ, ಎಲೆ ಹೆಣೆದ ಗೂಡು ಎಲ್ಲಿ ಕಂಡರೂ ಕೋಲಿನಿಂದ ತಿವಿದು ಕೊಡವಿದರಾಯಿತು, ಕೋಲಿಗೆ ನೇತುಬಿಟ್ಟ ಬುಟ್ಟಿಗೆ ಅಕ್ಕಿಕಾಳಿನಂಥ ಬಿಳಿ ಮೊಟ್ಟೆ ಸುರಿಯುತ್ತದೆ. ಆದರೆ ಬರೀ ಮೊಟ್ಟೆಯಿಂದ ಸಾರಾಗುವುದಿಲ್ಲ. ಅದಕ್ಕೆ ಕಾಡಿನ ಸಿಹಿಸೊಪ್ಪು ಬೇಕು. ಆ ಗಿಡ ನೆಟ್ಟಲ್ಲಿ ಬರುವುದಿಲ್ಲ, ತನಗೆ ಬೇಕಾದ ಕಡೆ ಮಾತ್ರ ಹುಟ್ಟುತ್ತದೆ. ಹಾಗಾಗಿ ಯಾವ ಮನೆಯವರೂ ತಮ್ಮ ಸೊಪ್ಪಿನ ಜಾಗವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಅಮ್ಮನಿಗೆ ಅವಳ ಅಮ್ಮ ತೋರಿಸಿದ್ದಳು. ತನ್ನ ಸರದಿಗಾಗಿ ಸಾಯ್‌ಫಿನ್ ಜಡೆಯಲ್ಲಿ ನರೆ ಮೂಡುವವರೆಗೂ ಕಾದಿದ್ದಳು. “ಇನ್ನೂ ನನ್ನ ಕಾಲಲ್ಲಿ ಕಸುವಿದೆ, ನಿಂಗ್ಯಾಕೆ ಅವಸರ?” ಎಂದೇ ಅಮ್ಮ ಪ್ರತಿ ಬೇಸಿಗೆಯನ್ನೂ ದಾಟಿಸಿದ್ದಳು. ಈ ಬೇಸಿಗೆಯಲ್ಲಿ, ಒಂದು ಮಾತೂ ಇಲ್ಲದೆ, ಸೊಸೆಯನ್ನು ಕರೆದುಕೊಂಡು ಹೋಗತೊಡಗಿದ್ದಳು.

ಅದೂ ಎಂಥ ಸೊಸೆಯನ್ನು! ಬಂದ ಹೊಸದರಲ್ಲಿ, ಹಸಿಮೆಣಸು, ಹುರಿದಕ್ಕಿಪುಡಿ ಬೆರೆಸಿದ ಮೊಟ್ಟೆಯ ಬಟ್ಟಲಲ್ಲಿ ಒಂದು ಕೆಂಜಿಗ ಇನ್ನೂ ಕಾಲಾಡಿಸುತ್ತಿದ್ದುದನ್ನು ಕಂಡು, ಬಾಯಿಗೆ ಕೈ ಅಡ್ಡವಿಟ್ಟು ಹಿತ್ತಿಲಿಗೆ ಓಡಿದವಳು.

“ಏನಮ್ಮಾ, ನಿಮ್ಮೂರಲ್ಲಿ ಸಿಗಡಿ ತಿನ್ನಲ್ವಾ? ಅದಕ್ಕೂ ಮೀಸೆ, ಕಾಲು ಎಲ್ಲಾ ಇರುತ್ತೆ,” ಎಂದು ಸಾಯ್‌ಫಿನ್ ಆಗ ಎಲ್ಲರೆದುರು ಆಡಿಕೊಂಡಿದ್ದಳು.

ಒರಥೈ ಬಾಯಿ ಒರೆಸಿಕೊಂಡು ಬಂದು ಕೂತು, “ಹೌದಲ್ವಾ ಅಕ್ಕ,” ಎಂದು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಿದ್ದಳು. ಕಣ್ಣಲ್ಲಿ ನೀರು ಸುರಿಸುತ್ತ ತಿಂದಿದ್ದಳು. ಅಮ್ಮ ಅವತ್ತು ಅವಳ ಬೆನ್ನು ತಟ್ಟಿ ನಕ್ಕ ನಗು ಸಾಯ್‌ಫಿನ್‌ಗೆ ಇನ್ನೂ ಮರೆತಿರಲಿಲ್ಲ. ಈಗ ಊರಿನ ಹೆಂಗಸರು ಒರಥೈ ಕಲಸಿದ ಮೊಟ್ಟೆಗೆ ಒಂದು ಹನಿ ನಿಂಬೆ ಹೆಚ್ಚಿರುತ್ತದೆ, ಅದೇ ಚೆಂದ ಎನ್ನುತ್ತಿದ್ದರು. ಸಾಯ್‌ಫಿನ್ ಒಬ್ಬಳೇ ಇದ್ದಾಗ ಹಾಗೇ ಮಾಡಿ ನೋಡಿದ್ದಳು. ಚೆನ್ನಾಗಿತ್ತು. ಹಿತ್ತಿಲಿಗೆ ಚೆಲ್ಲಿಬಿಟ್ಟಿದ್ದಳು.

ಕಣ್ಣಿಟ್ಟು ನೋಡುವುದರಲ್ಲಿ ಸಾಯ್‌ಫಿನ್‌ಳನ್ನು ಮೀರಿಸುವವರಿರಲಿಲ್ಲ. ಅಮ್ಮ ಮಗ್ಗಕ್ಕೆ ನೂಲು ಪೋಣಿಸಲು ಒರಥೈಯನ್ನೇ ಕರೆಯುವುದು, ಮೀನಿನ ಮುಳ್ಳು ಬಿಡಿಸಿಕೊಡಲು ಒರಥೈಗೇ ಹೇಳುವುದು, ಎಲ್ಲವನ್ನೂ ಅವಳು ನೋಡಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಇನ್ನೊಂದನ್ನೂ ನೋಡಿದ್ದಳು. ಕಾಡಿನಿಂದ ಬಂದ ಕೂಡಲೇ ಒರಥೈ ಸೊಪ್ಪಿನ ಬುಟ್ಟಿಯನ್ನು ನೀರಿನ ಹಂಡೆಯ ಹಿಂದಕ್ಕೆ ಒಯ್ದು, ಎಲ್ಲರಿಗೂ ಬೆನ್ನು ಹಾಕಿ ಕೂತು, ಒಂದಷ್ಟನ್ನು ಸೆರಗಿನೊಳಗೆ ತುಂಬಿಕೊಂಡು ಹಿತ್ತಿಲ ಕಡೆ ಹೋಗುತ್ತಿದ್ದಳು. ಎಳೆಯ ಕುಡಿಗಳನ್ನು ಆರಿಸಿ ಸಂತೆಗೆ ಮಾರಲು ಕಳಿಸುತ್ತಾಳೆ, ಇನ್ನೇನು? ಇದನ್ನು ಅಮ್ಮನಿಗೆ ಹೇಳಲು ಸಾಯ್‌ಫಿನ್ ಒಂದು ಒಳ್ಳೆಯ ಹೊತ್ತಿಗಾಗಿ ಕಾಯುತ್ತಿದ್ದಳು.

ಅವತ್ತು ಹೊಸವರ್ಷದ ಹಿಂದಿನ ದಿನ. ಮರುದಿನ ನಸುಕಿನಲ್ಲಿ ವಿಹಾರದ ಭಿಕ್ಕುಗಳಿಗೆ ಅಮ್ಮನ ಸಾರು ಹೋಗಬೇಕು. ಅಮ್ಮನೂ ಸೊಸೆಯೂ ಕಾಡಿನಿಂದ ಬರುವ ಮೊದಲೇ ಓಣಿಯ ಹೆಂಗಸರು ಮೊರ ಹಿಡಿದು ಬಂದು ಮನೆಯಡಿಯ ಚಾಪೆಯ ಮೇಲೆ ಕೂತಿದ್ದರು. ಅವರಲ್ಲಿ ಹಿರಿಯಳಾದ ಬುವಾಲೈ ಅಜ್ಜಿ ಅಡಿಕೆ ಜಗಿಯುತ್ತ, “ನಿಮ್ಮಮ್ಮ ಈ ವಯಸ್ಸಲ್ಲೂ ಗುಡ್ಡ ಹತ್ತುತ್ತಾಳಲ್ಲೇ! ನಾನು ಈ ಏಣಿ ಹತ್ತೋದ್ರೊಳಗೆ ಮುಂದಿನ ಹೊಸವರ್ಷ ಬಂದಿರುತ್ತೆ,” ಎಂದಳು.

ಇಬ್ಬರೂ ಬೆವರಿನಲ್ಲಿ ತೊಯ್ದು ಬಂದರು. ಒರಥೈ ಬುಟ್ಟಿಗೆ ಕೈ ಚಾಚುವ ಮೊದಲೇ ಸಾಯ್‌ಫಿನ್ ಅದನ್ನು ಅಮ್ಮನ ಕಂಕುಳಿನಿಂದ ತೆಗೆದುಕೊಂಡಳು.

“ಅಕ್ಕ, ಅದು… ನಾನು ಒಂದ್ಸಲ ತೊಳೆದು ತರ್ತೀನಿ,” ಎಂದಳು ಒರಥೈ.

“ತೊಳೆಯೋಕೆ ಇಷ್ಟು ಜನ ಇದೀವಲ್ಲ.”

ಒರಥೈಯ ಮುಖ ಸಣ್ಣದಾಯಿತು. ಸಾಯ್‌ಫಿನ್‌ಗೆ ಖುಷಿಯಾಯಿತು. ಬಾಳೆಲೆ ಸರಿಸಿ ಬುಟ್ಟಿಯೊಳಗೆ ನೋಡಿದಳು. ಅಲ್ಲೇ ಗುಟ್ಟಾಗಿ ನಾಲ್ಕಾರು ಎಲೆ ಮಡಚಿ ನೋಡಿದಳು.

ಅರ್ಧಕ್ಕರ್ಧ ಮರುಳುಸೊಪ್ಪು.

ನೋಡಲು ಸಿಹಿಸೊಪ್ಪಿನ ಒಡಹುಟ್ಟಿನಂತಿರುತ್ತದೆ, ಅದೇ ಹಸಿರು, ಅದೇ ಹೊಳಪು. ತಿಂದರೆ ನಾಲಿಗೆ ಒಣಗಿ, ತಲೆ ತಿರುಗಿ, ವಾಂತಿಯಾಗಿ ಮಲಗಿಬಿಡುತ್ತಾರೆ. ಪ್ರತಿ ಬೇಸಿಗೆಯಲ್ಲೂ ಯಾವುದೋ ಊರಿನಲ್ಲಿ ಒಂದು ಮನೆಯವರು ಇಡಿಯಾಗಿ ಆಸ್ಪತ್ರೆ ಸೇರುತ್ತಾರೆ. ಎಲೆ ಮಡಚಿದರೆ ಗೊತ್ತಾಗುತ್ತದೆ. ಸಿಹಿಸೊಪ್ಪಾದರೆ ಚಟ್ಟನೆ ಮುರಿಯುತ್ತದೆ, ಮರುಳುಸೊಪ್ಪು ಬಾಗುತ್ತದೆ. ಅಮ್ಮ ಮಾತ್ರ ಎಂದೂ ಮುರಿದು ನೋಡಿದವಳಲ್ಲ. “ಮುರಿದು ನೋಡೋದು ಕಲಿಯೋರ ಕೆಲಸ,” ಎಂದು ನಗುತ್ತಿದ್ದಳು. ದೂರದಿಂದಲೇ ಅವಳ ಕಣ್ಣು ಆರಿಸುತ್ತಿತ್ತು.

ಆಗಲೇ ಹೇಳಬಹುದಿತ್ತು. ಒರಥೈಯನ್ನು ಹಂಡೆಯ ಹಿಂದೆ ಕರೆದು, ‘ನೋಡು, ಇದಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಸಾಯ್‌ಫಿನ್ ಬಾಳೆಲೆಯನ್ನು ಮತ್ತೆ ಮುಚ್ಚಿದಳು. ಅಮ್ಮ ಕೈಕಾಲು ತೊಳೆದು ಬಂದು ಚಾಪೆಯ ನಡುವೆ ಕೂರುವವರೆಗೂ, ಹೆಂಗಸರೆಲ್ಲ ಮೊರ ಮುಂದಿಟ್ಟುಕೊಳ್ಳುವವರೆಗೂ ಕಾದಳು. ಎದೆ ಹೊಡೆದುಕೊಳ್ಳುತ್ತಿತ್ತು. ಮಗ್ಗದಲ್ಲಿ ಬಣ್ಣದ ಅಂಚು ಬರುವ ಹೊತ್ತಿನಲ್ಲಿ ಹೊಡೆದುಕೊಳ್ಳುವ ಹಾಗೆ.

ಆಮೇಲೆ ಒಂದು ಕುಡಿ ಎತ್ತಿ ಎಲ್ಲರಿಗೂ ಕಾಣುವಂತೆ ಮಡಚಿದಳು. ಅದು ಬಾಗಿತು.

“ಅಯ್ಯಯ್ಯೋ!” ಬುವಾಲೈ ಅಜ್ಜಿ ಅಡಿಕೆಯನ್ನು ಉಗುಳಿಯೇ ಬಿಟ್ಟಳು. “ಮರುಳುಸೊಪ್ಪು ಕಣ್ರೇ! ಭಿಕ್ಕುಗಳಿಗೆ ಇದನ್ನ ಹಾಕಿದ್ರೆ ಏನ್ ಗತಿ? ಯಾರೇ ಕಿತ್ತಿದ್ದು?”

“ಇನ್ಯಾರು,” ಎಂದಳು ಸಾಯ್‌ಫಿನ್, ಧ್ವನಿ ಏರಿಸದೆ. “ಸಮುದ್ರದ ಕಡೆಯೋರಿಗೆ ಹಸಿರಾಗಿರೋದೆಲ್ಲ ಸೊಪ್ಪೇ. ಅಮ್ಮ ನಂಬ್ಕೊಂಡು ಕರ್ಕೊಂಡು ಹೋದ್ಲು, ಪಾಪ.”

ಎಲ್ಲರೂ ಒರಥೈಯ ಕಡೆ ತಿರುಗಿದರು. ಅವಳು ತಡಮಾಡಲಿಲ್ಲ. “ಹೌದಕ್ಕ, ನಾನೇ ಕಿತ್ತಿದ್ದು. ಗೊತ್ತಾಗ್ಲಿಲ್ಲ. ತಪ್ಪಾಯ್ತು.” ಅವಳು ನೆಲಕ್ಕೆ ಬಾಗಿ ಕೈ ಜೋಡಿಸಿದಳು.

ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಸಾಯ್‌ಫಿನ್‌ಗೆ ಹಿಡಿಸಲಿಲ್ಲ. ಇನ್ನೂ ಏನೋ ಹೇಳಲು ಬಾಯಿ ತೆರೆದಳು.

“ಅವಳ ಕೈ ನೋಡಿ,” ಎಂದಳು ಅಮ್ಮ.

ಒರಥೈ ಕೈ ಹಿಂದೆಗೆದುಕೊಳ್ಳಲು ನೋಡಿದಳು. ಆದರೆ ಎಲ್ಲರಿಗೂ ಕಂಡಾಗಿತ್ತು. ಕೆಂಜಿಗ ಹತ್ತದಿರಲೆಂದು ಹಚ್ಚಿದ ಅಕ್ಕಿಹಿಟ್ಟು ಬೆರಳಿನಿಂದ ಮೊಣಕೈವರೆಗೆ ಒಣಗಿ ಬಿಳಿಯಾಗಿ ಮೆತ್ತಿತ್ತು, ಅದರ ನಡುನಡುವೆ ಕೆಂಜಿಗ ಕಚ್ಚಿದ ಕೆಂಪು ಗಂಟುಗಳು.

“ಬೆಳಗ್ಗಿಂದ ಕೋಲು ಹಿಡಿದೋಳು ಅವಳು. ಹಿಟ್ಟು ಹಚ್ಚಿದ ಕೈಲಿ ಸೊಪ್ಪು ಕಿತ್ತಿದ್ರೆ ಸೊಪ್ಪೂ ಬೆಳ್ಳಗಾಗ್ತಿರಲಿಲ್ವಾ?” ಅಮ್ಮ ಬುಟ್ಟಿಯ ಕಡೆ ಮುಖ ಮಾಡಿದ್ದಳು. ಆದರೆ ಅವಳ ನೋಟ ಬುಟ್ಟಿಯಿಂದ ಒಂದು ಗೇಣು ಆಚೆಗಿತ್ತು. ಸಾಯ್‌ಫಿನ್ ಅದನ್ನು ಆಗ, ಮೊದಲ ಬಾರಿಗೆ, ನೋಡಿದಳು. “ಕಿತ್ತಿದ್ದು ನಾನು. ನನ್ನ ಕಣ್ಣಿಗೆ ಈಗ ಎಲ್ಲಾ ಮಂಜು ಕಣೇ ಬುವಾಲೈ. ಹೋದ ಚಳಿಗಾಲದಿಂದ.”

ಬಕೆಟ್ಟಿನ ಅಂಚಿನಲ್ಲಿ ಉಳಿದ ನಾಲ್ಕಾರು ಕೆಂಜಿಗ ಸುತ್ತು ಹಾಕುತ್ತಿದ್ದವು.

ಬುವಾಲೈ ಅಜ್ಜಿಯೇ ಮೊದಲು ಎಚ್ಚೆತ್ತಳು. “ಹೋಗ್ಲಿ ಬಿಡೇ. ನಂಗೆ ಎದುರಿಗೆ ಬರೋ ಮೊಮ್ಮಗ ಯಾರು ಅಂತಾನೇ ಗೊತ್ತಾಗಲ್ಲ, ಎಲ್ಲರಿಗೂ ಮುದ್ದು ಕೊಟ್ಟುಬಿಡ್ತೀನಿ. ಬನ್ರೇ, ಒಂದೊಂದೂ ಮುರಿದು ಆರಿಸೋಣ.”

ಹೆಂಗಸರ ಕೈಗಳು ಬುಟ್ಟಿಗೆ ಬಂದವು. ಚಟ್, ಚಟ್ ಎಂದು ಎಲೆಗಳು ಮುರಿಯತೊಡಗಿದವು. ಅಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡು ಆ ಸದ್ದು ಕೇಳುತ್ತ ಕೂತಿದ್ದಳು.

ಎಲ್ಲರೂ ಹೋದ ಮೇಲೆ ಸಾಯ್‌ಫಿನ್ ಅಮ್ಮನ ಪಕ್ಕ ಬಂದು ಕೂತಳು. ಹಂಡೆಯ ಹಿಂದೆ ಒರಥೈ ದಿನವೂ ಬೇರೆ ಮಾಡುತ್ತಿದ್ದುದು ಏನನ್ನು, ಹಿತ್ತಿಲಿಗೆ ಹೋಗಿ ಹೂಳುತ್ತಿದ್ದುದು ಏನನ್ನು ಎಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲಮ್ಮ?”

“ಏನಂತ ಹೇಳ್ಲಿ?”

“ನಾನಿರ್ಲಿಲ್ವಾ? ನಾನು ಕರ್ಕೊಂಡು ಹೋಗ್ತಿದ್ದೆ.”

“ಹೋಗ್ತಿದ್ದೆ. ದಾರೀಲಿ ನಾನು ಎಡವಿದ್ದು, ತಪ್ಪು ಕೊಂಬೆಗೆ ಕೈ ಹಾಕಿದ್ದು, ಎಲ್ಲಾ ನೀನು ನೋಡ್ತಿದ್ದೆ. ನೀನು ನೋಡಿದ್ದು ಯಾವುದನ್ನೂ ಬಿಡೋಳಲ್ಲ ಮಗಳೇ, ಚಿಕ್ಕವಳಿದ್ದಾಗಿಂದ.” ಅಮ್ಮ ಅವಳ ಮೊಣಕಾಲನ್ನು ಹುಡುಕಿ ಕೈಯಿಟ್ಟಳು. “ಅವಳಿಗೇನೂ ಗೊತ್ತಿರಲಿಲ್ಲ. ಏನೂ ಗೊತ್ತಿಲ್ಲದೋರ ಮುಂದೆ ನಂಗೂ ಗೊತ್ತಾಗ್ತಿಲ್ಲ ಅನ್ನೋದು ಕಾಣಲ್ಲ ಅಂದ್ಕೊಂಡೆ. ಎಲೆ ಮುರಿದು ನೋಡೋದನ್ನ ಮೊದಲ ದಿನ ಹೇಳ್ಕೊಟ್ಟಿದ್ದೆ, ಅದನ್ನೇ ಹಿಡ್ಕೊಂಡು ಅವಳು ಆರಿಸಿ ಎಸೀತಿದ್ಲು ಅನ್ನೋದು ನಂಗೂ ಈಗಲೇ ಗೊತ್ತಾಗಿದ್ದು ನೋಡು.”

ಅಮ್ಮ ಸೊಪ್ಪಿನ ಜಾಗವನ್ನು ಒರಥೈಗೆ ಕೊಟ್ಟಳೆಂದು ಸಾಯ್‌ಫಿನ್ ಉರಿದುಕೊಂಡಿದ್ದಳು. ಕೊಟ್ಟದ್ದು ಅದಕ್ಕಿಂತ ದೊಡ್ಡದಾಗಿತ್ತು, ಮಗಳಿಂದ ಮುಚ್ಚಿಟ್ಟ ತನ್ನ ತಡವರಿಕೆ. ಹೊಟ್ಟೆಯ ಉರಿ ಆರಲಿಲ್ಲ, ಜಾಗ ಬದಲಿಸಿಕೊಂಡಿತು ಅಷ್ಟೆ.

ಒರಥೈ ಮುಖ ತೊಳೆದು ಏಣಿಯ ಬುಡಕ್ಕೆ ಬಂದಾಗ ಅಮ್ಮ ಅವಳ ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ, “ಒರಥೈ, ನಾನಿನ್ನು ಗುಡ್ಡ ಹತ್ತಲ್ಲ,” ಎಂದಳು. “ಅಕ್ಕನಿಗೆ ಜಾಗ ತೋರ್ಸು.”

ಒಬ್ಬರಿಗೊಬ್ಬರು ನೀರೆರಚುವ ಹೊಸವರ್ಷದ ಆಟ ಮುಗಿದ ಮೇಲೆ ಇಬ್ಬರೂ ಹೊರಟರು. ಮುಂದೆ ಒರಥೈ, ಹಿಂದೆ ಸಾಯ್‌ಫಿನ್. ಸುಟ್ಟ ತರಗೆಲೆಯ ಬೂದಿ ಕಾಲಿಗೆ ಮೆತ್ತುತ್ತಿತ್ತು. ಬಹಳ ದೂರ, ಗುಡ್ಡದ ಆಚೆಗೆ ಎಲ್ಲೋ ಇರಬೇಕೆಂದು ಸಾಯ್‌ಫಿನ್ ವರ್ಷಗಟ್ಟಲೆ ಊಹಿಸಿದ್ದ ಜಾಗ, ಸೌದೆಗೆಂದು ಅವಳೇ ಎಷ್ಟೋ ಸಲ ದಾಟಿ ಹೋಗಿದ್ದ ಬಂಡೆಗಳ ಹಿಂದೆಯೇ ಇತ್ತು. ಕೆಲವೇ ಗಿಡಗಳು. ಅವುಗಳ ನಡುವೆ ಹೆಗಲಿಗೆ ಹೆಗಲು ಕೊಟ್ಟು ನಿಂತ ಮರುಳುಸೊಪ್ಪಿನ ಪೊದೆ.

“ಇಷ್ಟೇನಾ?”

“ಇಷ್ಟೇ ಅಕ್ಕ. ಅಮ್ಮ ಈ ಬಂಡೆ ಮೇಲೆ ಕೂತು ಸುಧಾರಿಸ್ಕೋತಿದ್ರು. ನಿಮ್ಮ ಸುದ್ದೀನೇ ಹೇಳೋರು.”

“ಏನಂತ?”

“ನೀವು ಸಣ್ಣವರಿದ್ದಾಗ ಕೆಂಜಿಗದ ಗೂಡನ್ನ ಹೂವು ಅಂತ ಮುಡ್ಕೊಳ್ಳೋಕೆ ಹೋಗಿದ್ದು.” ಒರಥೈ ನಗು ತಡೆದುಕೊಂಡಳು.

ಆ ಕತೆಯನ್ನು ಅಮ್ಮ ತನಗೆ ಒಮ್ಮೆಯೂ ಹೇಳಿರಲಿಲ್ಲ. ಸಾಯ್‌ಫಿನ್ ತಿರುಗಿ ಕೋಲನ್ನು ಕಸಿದುಕೊಂಡಳು. ಬಂಡೆಯ ಮೇಲೆ ಬಾಗಿದ ಮರದಲ್ಲಿ ಒಂದು ದೊಡ್ಡ ಗೂಡಿತ್ತು. ಸಿಟ್ಟಿನಲ್ಲಿ ಜೋರಾಗಿಯೇ ತಿವಿದಳು. ಬುಟ್ಟಿಗೆ ಮೊಟ್ಟೆ ಸುರಿಯಿತು, ಅದರ ಜೊತೆ ಕೆಂಜಿಗಗಳು ಕೋಲಿನುದ್ದಕ್ಕೂ ಇಳಿದು ಅವಳ ಕೈಗೆ ಹತ್ತಿದವು. ಅವಳು ಕೋಲು ಬಿಡಲಿಲ್ಲ, ಹಲ್ಲು ಕಚ್ಚಿದಳು.

ಒರಥೈ ಜೊತೆಗೆ ತಂದಿದ್ದ ಗಂಟು ಬಿಚ್ಚಿ ಅಕ್ಕಿಹಿಟ್ಟು ತೆಗೆದಳು. ಸಾಯ್‌ಫಿನ್‌ಳ ಕೈ ಹಿಡಿದು, ಇರುವೆಗಳನ್ನು ಕೊಡವಿ, ಬೆರಳಿನಿಂದ ಮೊಣಕೈವರೆಗೆ ನಿಧಾನವಾಗಿ ಸವರಿದಳು.

“ಅಮ್ಮ ನಿಂಗೂ ಹೀಗೇ ಹಚ್ತಿದ್ಲಾ?” ಎಂದು ಕೇಳಿದಳು ಸಾಯ್‌ಫಿನ್. ಕೇಳಬಾರದೆಂದುಕೊಂಡೇ ಕೇಳಿದಳು.

“ಹ್ಞೂಂ.”

“ದಿನಾ?”

ಒರಥೈ ಅವಳ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. “ದಿನಾ, ಅಕ್ಕ,” ಎಂದಳು.

ಸಾಯ್‌ಫಿನ್ ಕೋಲನ್ನು ಬಂಡೆಗೆ ಒರಗಿಸಿ, ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.