ಒಂಟಿ ಕುದುರೆಯ ವಾಕೋವರ್

ಸೂರತ್ತಿನ ಅಡಾಜಣ್‌ನಲ್ಲಿರೋ ನಮ್ಮ ಕನ್ನಡ ಸಂಘದ ಟೇಬಲ್ ಟೆನಿಸ್ ಫೈನಲ್ಲಿಗೆ ನಾನು, ಇಂದುಮತಿ, ಈ ವಯಸ್ಸಲ್ಲಿ ಬಂದು ನಿಂತಿದ್ದೆ ಅಂದ್ರೆ ಹುಡುಗಾಟವೇ? ಮದುವೆ ಆದಮೇಲೆ ಬ್ಯಾಟು ಅಟ್ಟ ಸೇರಿತ್ತು. ಬ್ಯಾಂಕು ಇವರನ್ನ ವರ್ಗ ಮಾಡಿದಲ್ಲೆಲ್ಲ ಅದನ್ನೂ ಹೊತ್ಕೊಂಡು ಹೋಗ್ತಿದ್ದೆ. ಎದುರಾಳಿ ಮನಸ್ವಿನಿ, ಕಾಲೇಜು ಟೀಮಿನ ಹುಡುಗಿ. ನನ್ನ ಅರೆದು ಚಟ್ನಿ ಮಾಡ್ತಾಳೆ ಅಂತ ಗೊತ್ತಿತ್ತು. ಮಾಡಲಿ! ಒಂದು ಸಲ ಗಟ್ಟಿ ಆಟಗಾರ್ತಿ ಎದುರು ಆಡಬೇಕು, ಸೋತರೂ ಸರಿ. ಅಷ್ಟೇ ನನ್ನಾಸೆ.

ಹುಡುಗಿ ಬರಲೇ ಇಲ್ಲ.

ಕಾದು ಸಾಕಾಗಿ ಕಾರ್ಯದರ್ಶಿ ಭೀಮಸೇನ ರಾಯರು ಮೈಕ್ ಹಿಡಿದರು. "ಇಂದುಮತಿಯವರಿಗೆ ವಾಕೋವರ್!" ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಅಷ್ಟಕ್ಕೇ ಬಿಡ್ತಾರಾ? "ಇದು ಕುದುರೆ ರೇಸಿನ ಮಾತು. ಹಿಂದೆ ಇಂಗ್ಲೆಂಡಲ್ಲಿ ಒಂದೇ ಕುದುರೆ ಉಳಿದರೆ ಅದು ಓಡಬೇಕಾಗಿರಲಿಲ್ಲ. ಆದರೆ ನಿಂತಲ್ಲೇ ಬಹುಮಾನ ಕೊಡ್ತಿರಲಿಲ್ಲ, ಇಡೀ ದಾರಿ ನಡೆದು ಮುಗಿಸಬೇಕಿತ್ತು." ಎಲ್ಲರೂ ನಕ್ಕರು. ನಮ್ಮೆಜಮಾನ್ರು ರಾಘವ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಹುಡುಗಿಯ ಅಪ್ಪ ಹಾಲೇಶ ಹಿಂದಿನ ಸಾಲಲ್ಲೇ ಕೂತಿದ್ದ. ಬ್ಯಾಂಕಲ್ಲಿ ಇವರ ಕೈಕೆಳಗಿನ ಕ್ಲರ್ಕು.

"ಮಗಳಿಗೆ ಹುಷಾರಿಲ್ವೇನಪ್ಪಾ?" ಅಂದೆ.

ಅವನು ಇವರ ಮುಖ ನೋಡಿದ. "ಚೆನ್ನಾಗೇ ಇದಾಳೆ ಮೇಡಂ. ಸಾಹೇಬ್ರೇ ಫೋನ್ ಮಾಡಿ ಕಳಿಸಬೇಡ ಅಂದ್ರಲ್ಲ. ಮನೇಲಿ ಅಳ್ತಾ ಕೂತಿದಾಳೆ."

ಮೈಯೆಲ್ಲ ಉರಿದುಹೋಯ್ತು. ಇವರು ಹತ್ತಿರ ಬಂದು ಪಿಸುಗುಟ್ಟಿದರು: "ಎಲ್ಲರೆದುರು ನೀನು ಸೋತರೆ ಚೆನ್ನಾಗಿರತ್ತೇನೇ? ಅದೂ ನನ್ನ ಕ್ಲರ್ಕಿನ ಮಗಳ ಕೈಲಿ!"

ಅಯ್ಯೋ ನನ್ನ ಕರ್ಮವೇ! ಸೋಲೋಳು ನಾನು, ಮರ್ಯಾದೆ ಹೋಗೋದು ಇವರದ್ದು.

ರಾಯರು ಕಪ್ಪು ಹಿಡ್ಕೊಂಡು ಬಂದರು. "ತಡೀರಿ ರಾಯರೇ, ಕುದುರೆ ಇನ್ನೂ ನಡೆದಿಲ್ಲ," ಅಂದೆ.

ಟೇಬಲ್ ಮುಂದೆ ನಿಂತು ಸರ್ವ್ ಮಾಡಿದೆ. ಚೆಂಡು ಆ ಕಡೆ ಪುಟಿದು ನೆಲಕ್ಕೆ ಬಿತ್ತು. ಇನ್ನೊಂದು. ಮತ್ತೊಂದು. ಫಾಫ್ಡಾ ಮೆಲ್ಲುತ್ತಿದ್ದವರ ಬಾಯಿ ನಿಂತಿತು. ರಾಯರು ಏನೂ ತೋಚದೆ ಪಾಯಿಂಟು ಕೂಗತೊಡಗಿದರು.

"ಸಾಕು ಬಾರೇ, ಮಾನ ಕಳೀಬೇಡ," ಅಂದರು ಇವರು.

"ಸೋಲಕ್ಕೂ ಬಿಡಲಿಲ್ವಲ್ರೀ ನೀವು! ಸುಮ್ನೆ ಚೆಂಡು ಎತ್ತಿಕೊಡಿ."

ಇಡೀ ಹಾಲ್ ನೋಡ್ತಿತ್ತು. ಸಾಹೇಬರು ಬಗ್ಗಿದರು, ಕುರ್ಚಿಗಳ ಕೆಳಗೆ ತಡಕಾಡಿ ಎತ್ತಿಕೊಟ್ಟರು. ನಾನು ಥ್ಯಾಂಕ್ಸೂ ಹೇಳಲಿಲ್ಲ, ಗೇಮ್ ಮುಗಿಯೋ ತನಕ ಹೊಡೆದೆ.

ನನ್ನದೊಂದು ಪಾಯಿಂಟೂ ಹೋಗಲಿಲ್ಲ ಅವತ್ತು. ಅಷ್ಟು ಕೆಟ್ಟದಾಗಿ ನಾನು ಜನ್ಮದಲ್ಲಿ ಸೋತಿರಲಿಲ್ಲ.