ಬಾಗಿಲಿಗೆ ಕಟ್ಟಿದ ದಾರ

ರಾಜೇಶ್ವರಿಯ ಮನೆಯ ಮುಂಬಾಗಿಲಿಗೆ ಇದ್ದ ಬೀಗ ಒಂದೆರಡಲ್ಲ. ಮೊದಲಿನದು ಮನೆಯ ಜೊತೆಗೇ ಬಂದದ್ದು, ಅದರ ಮೇಲಿನದು ಗಂಡ ದಿನೇಶ ಹಾಕಿಸಿದ್ದು. ಅದಕ್ಕೂ ಮೇಲೆ, ಒಂಬತ್ತು ವರ್ಷದ ಮಗು ಕುರ್ಚಿ ಹತ್ತಿ ನಿಂತರೂ ಎಟುಕದಷ್ಟು ಎತ್ತರದಲ್ಲಿ, ಚಿಲಕ. ಹಿತ್ತಿಲ ಬಾಗಿಲಿಗೂ ಹಾಗೇ, ಕಿಟಕಿಗಳಿಗೂ ಹಾಗೇ. ಇಂಗ್ಲಿಷರ ನಾಡಿನ ವಿದನ್‌ಶಾದ ಆ ಬೀದಿಗೆ ಕಳ್ಳ ಬಂದರೆ, ಈ ಮನೆಯಲ್ಲಿ ಭಾರೀ ಗಂಟೇ ಇರಬೇಕು ಎಂದುಕೊಂಡಾನು. ಒಳಗೆ ಇದ್ದದ್ದು ಸೃಷ್ಟಿ ಎಂಬ ಮಗಳು, ಅವಳನ್ನು ಕಾಯುತ್ತ ಕೂತ ಅಮ್ಮ.

ಸೃಷ್ಟಿ ಓಡುತ್ತಾಳೆ. ಮಾತು ಕಡಿಮೆ, ಆಡಿದರೆ ಇಂಗ್ಲಿಷಿನಲ್ಲಿ ಒಂದೊಂದೇ ಪದ. ಅಮ್ಮ ಹೇಳುವ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಅರ್ಥವಾದದ್ದನ್ನು ಅಕ್ಷರಶಃ ಪಾಲಿಸುತ್ತಾಳೆ. ಆಟಿಸಂ ಎಂದು ಡಾಕ್ಟರರು ಹೆಸರು ಕೊಟ್ಟು ಕೈತೊಳೆದುಕೊಂಡಿದ್ದರು. ಬಾಗಿಲು ತೆರೆದರೆ ಸಾಕು, ಇಲ್ಲ. ಒಮ್ಮೆ ಏರ್‌ಪೋರ್ಟ್ ರಸ್ತೆಯ ಬದಿಯ ಕಬ್ಬಿಣದ ತಡೆಯನ್ನು ಕೈಯಲ್ಲಿ ಸವರುತ್ತ ಓಡುತ್ತಿದ್ದವಳನ್ನು ಯಾರೋ ಟ್ಯಾಕ್ಸಿಯವನು ಹಿಡಿದು ತಂದ. ಅದಾದ ಮೇಲೆ ಶಾಲೆಯವರು ನಮ್ಮ ಕೈಲಾಗದು ಎಂದರು. ಕೌನ್ಸಿಲಿನವರು ಬೇರೆ ಶಾಲೆ ಹುಡುಕುತ್ತೇವೆ ಎಂದರು. ಅವರು ಹುಡುಕುತ್ತಲೇ ಇದ್ದಾರೆ, ಅವರಿಗೇನು ಅವಸರ?

ರಾಜೇಶ್ವರಿ ಬೆಂಗಳೂರಿನಲ್ಲಿ ಓದಿ ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವಳು. ಈಗ ಸ್ನಾನಕ್ಕೆ ಹೋಗಬೇಕಾದರೂ ಬೀಗಗಳನ್ನೆಲ್ಲ ಮುಟ್ಟಿ ನೋಡಿ, ಸ್ನಾನದ ಮನೆಯ ಬಾಗಿಲನ್ನು ಮಾತ್ರ ತೆರೆದಿಟ್ಟು ಹೋಗುತ್ತಾಳೆ. ದಿನೇಶ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞ. ಊರವರ ಹೃದಯವೆಲ್ಲ ಅವನಿಗೆ ಗೊತ್ತು, ತನ್ನ ಮನೆಯ ಬೀಗದ ಕೈ ಎಲ್ಲಿದೆ ಎಂದು ಪ್ರತಿ ಸಲ ಕೇಳಬೇಕು. "ರೋಟಾ ಇದೆ" ಎಂದು ಆಸ್ಪತ್ರೆಯ ಪಾಳಿಯ ನೆಪ ಹೇಳಿ ಹೊರಟುಬಿಡುವ ಅವನನ್ನು ಕಂಡು ಅವಳಿಗೆ ಉರಿಯುತ್ತಿತ್ತು. ಅವನ ಹಿಂದೆ ಚಿಲಕ ಹಾಕುವಾಗಲೆಲ್ಲ, ತನ್ನನ್ನೇ ತಾನು ಒಳಗೆ ಹಾಕಿಕೊಂಡಂತೆ ಅನಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಸಿಕ್ಕಿದ್ದು ಆ ಫಾರ್ಮ್. ಪ್ರೆಸ್ಟ್‌ವಿಚ್ ದಾಟಿದ ಮೇಲೆ, ಯಹೂದಿ ಮಕ್ಕಳಿಗಾಗಿ ನಡೆಸುವುದು. ಕುರಿ, ಕೋಳಿ, ಈರುಳ್ಳಿ ಪಾತಿ. ಮಕ್ಕಳು ಮಣ್ಣಿನಲ್ಲಿ ಕೆಲಸ ಮಾಡುತ್ತಲೇ ತಮ್ಮ ಹಬ್ಬ ಹರಿದಿನ, ಪ್ರಾರ್ಥನೆ ಕಲಿಯುತ್ತಾರೆ. ಜಾಗವಿದ್ದರೆ ಹೊರಗಿನ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಅದನ್ನು ನೋಡಿಕೊಳ್ಳುವವಳು ರಿವ್ಕಾ. ತಲೆಗೆ ಸದಾ ಸ್ಕಾರ್ಫ್, ಕಾಲಿಗೆ ಸದಾ ಕೆಸರು ಮೆತ್ತಿದ ಬೂಟು, ವಯಸ್ಸು ಐವತ್ತರ ಮೇಲೆ.

ಮೊದಲ ದಿನ ರಾಜೇಶ್ವರಿ ಮಗಳ ವರದಿಗಳ ಕಂತೆಯನ್ನೇ ಮುಂದೆ ಚಾಚಿದಳು. ರಿವ್ಕಾ ಅದನ್ನು ತೆಗೆದುಕೊಳ್ಳಲಿಲ್ಲ.

"ಯಾರೂ ತಡೀದೇ ಇದ್ರೆ ಇವಳು ಏನು ಮಾಡ್ತಾಳೆ?" ಎಂದು ಕೇಳಿದಳು.

ಪ್ರಶ್ನೆ ಕೇಳಿ ರಾಜೇಶ್ವರಿಗೆ ಸಿಟ್ಟೇ ಬಂತು. ತಡೆಯದೆ ಬಿಟ್ಟು ನೋಡುವ ಧೈರ್ಯ ಯಾವ ತಾಯಿಗಿದೆ? ರಿವ್ಕಾ ಬಿಟ್ಟೇ ನೋಡಿದಳು. ಬೆಳಗ್ಗೆಯೆಲ್ಲ ಸೃಷ್ಟಿಯ ಹಿಂದೆ, ಸ್ವಲ್ಪ ದೂರದಲ್ಲಿ, ಬೂಟು ಸಪ್ಪಳ ಮಾಡುತ್ತ ನಡೆದಳು. ಮಧ್ಯಾಹ್ನ ಬಂದು ಹೇಳಿದಳು:

"ಇವಳು ಓಡಿಹೋಗ್ತಾ ಇಲ್ಲ. ಅಂಚು ಹಿಡ್ಕೊಂಡು ಓಡ್ತಾಳೆ. ಬೇಲಿ ಸಿಕ್ಕಿದ್ರೆ ಬೇಲಿ, ಗೋಡೆ ಸಿಕ್ಕಿದ್ರೆ ಗೋಡೆ. ಅದು ಎಲ್ಲಿ ಮುಗಿಯುತ್ತೆ ಅಂತ ಅವಳಿಗೆ ನೋಡ್ಬೇಕು."

ಇಷ್ಟು ವರ್ಷ ಎಷ್ಟೊಂದು ಜನ ನೋಡಿದ್ದರು. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಅಲ್ಲಿ ಪ್ರತಿ ಮಗುವಿಗೂ ಅದಕ್ಕೆ ಹೊಂದುವ ಒಂದು ಕೆಲಸ. ಗದ್ದಲ ತಾಳಲಾರದ ಒಂದು ಹುಡುಗಿಗೆ ಬೀಜ ವಿಂಗಡಿಸುವ ಮೂಲೆಕೋಣೆ ಕೊಟ್ಟಿದ್ದರು. ಸೃಷ್ಟಿಗೆ ಸಿಕ್ಕಿದ್ದು ದಾರದ ಕೆಲಸ. ಫಾರ್ಮಿನ ಸುತ್ತ ಎತ್ತರದ ಕಂಬಗಳಿದ್ದವು, ಕಂಬದ ತುದಿಯಿಂದ ತುದಿಗೆ ಬಿಳಿ ದಾರ. ಶುಕ್ರವಾರ ಸೂರ್ಯ ಮುಳುಗಿದರೆ ಅವರ ಶಬ್ಬತ್, ವಾರದ ಪವಿತ್ರ ದಿನ, ಶುರು. ಅದಕ್ಕೆ ಮುಂಚೆ ಯಾರಾದರೂ ಸುತ್ತು ಹಾಕಿ ದಾರ ಎಲ್ಲೂ ಕಡಿದಿಲ್ಲ ಎಂದು ನೋಡಬೇಕು. ರಿವ್ಕಾ ಸೃಷ್ಟಿಯನ್ನು ಜೊತೆಗೆ ಕರೆದೊಯ್ದಳು. ಸೃಷ್ಟಿ ಉದ್ದನೆಯ ಕೋಲಿನಿಂದ ಕಂಬ ಕಂಬದ ದಾರವನ್ನು ಮುಟ್ಟಿ, ಕತ್ತೆತ್ತಿ ನೋಡಿ ಮುಂದೆ ಹೋಗುತ್ತಿದ್ದಳು. ಸುತ್ತು ಮುಗಿದ ಮೇಲೆ ಸುಮ್ಮನೆ ನಿಲ್ಲುತ್ತಿದ್ದಳು. ಮಗಳು ಸುಮ್ಮನೆ ನಿಂತದ್ದನ್ನು ನೋಡುತ್ತ ರಾಜೇಶ್ವರಿ ಕಾರಿನಲ್ಲಿ ಕೂತು ಮನಸಾರೆ ಅತ್ತಳು.

"ಅದೇನು ದಾರ?" ಎಂದು ಒಂದು ದಿನ ಕೇಳಿದಳು.

ರಿವ್ಕಾಳ ಎರಡೂ ಕೈಯಲ್ಲಿ ಕುರಿಗಳ ಮೇವಿನ ಬಕೆಟ್ಟು. "ಎರೂವ್ ಅಂತ. ಶಬ್ಬತ್‌ಗೆ ನಮ್ಮ ಗಡಿ" ಎಂದು ಹೇಳುತ್ತಲೇ ಕೊಟ್ಟಿಗೆಗೆ ನಡೆದಳು.

ರಾಜೇಶ್ವರಿಗೆ ಅಷ್ಟು ಸಾಕಾಯಿತು. ಗಡಿ, ದಾರ, ಪವಿತ್ರ. ಇದು ಲಕ್ಷ್ಮಣರೇಖೆಯಲ್ಲದೆ ಇನ್ನೇನು? ಹುಟ್ಟಿದಾಗಿನಿಂದ ಕೇಳಿದ ಕಥೆ, ಗೊತ್ತಿರುವುದನ್ನು ಇನ್ನೊಮ್ಮೆ ಕೇಳುವವರು ಯಾರು? ಅದಕ್ಕೇ ಅಲ್ಲವೇ ಇವಳು ಇಲ್ಲಿ ಓಡಿಹೋಗದಿರುವುದು ಎಂದುಕೊಂಡಳು. ಬರುವ ದಾರಿಯಲ್ಲೇ ಅಂಗಡಿಯಿಂದ ಅಂಥದೇ ಬಿಳಿ ದಾರ ಕೊಂಡಳು.

ಮನೆಗೆ ಬಂದವಳೇ ಮುಂಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಟ್ಟಿದಳು. ಫಾರ್ಮಿನಲ್ಲಿ ಅದು ತಲೆಯ ಮೇಲಿತ್ತು. ಆದರೆ ರೇಖೆ ಎಂದ ಮೇಲೆ ಎದುರಿಗೆ ಕಾಣಬೇಡವೇ ಎಂದು, ಇಲ್ಲಿ ಸೊಂಟದ ಎತ್ತರಕ್ಕೆ. ಹಿತ್ತಿಲ ಬಾಗಿಲಿಗೂ ಒಂದು.

"ನೋಡು ಪುಟ್ಟಿ, ದಾರ. ಇದನ್ನ ದಾಟಬಾರ್ದು. ಯಾವತ್ತೂ ದಾಟಬಾರ್ದು. ಗೊತ್ತಾಯ್ತಾ?"

ಸೃಷ್ಟಿ ದಾರವನ್ನು ಬೆರಳಿನಿಂದ ಮುಟ್ಟಿ ಎಳೆದು ನೋಡಿದಳು. ಗಟ್ಟಿಯಾಗಿತ್ತು. ಒಳಗೆ ಹೋಗಿ ಸೋಫಾದ ಮೇಲೆ ಕೂತಳು.

ರಾಜೇಶ್ವರಿ ಬೀಗಗಳನ್ನೆಲ್ಲ ತೆಗೆದು ಬಾಗಿಲು ತೆರೆದಿಟ್ಟಳು. ಮಗಳು ಬಂದಳು, ದಾರದ ಮುಂದೆ ನಿಂತಳು, ತಿರುಗಿ ಹೋದಳು. ಆ ವಾರ ಆ ಮನೆಯಲ್ಲಿ ಯುಗಾದಿ ಬಂದ ಹಾಗಿತ್ತು. ರಾಜೇಶ್ವರಿ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದಳು. ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಳು. ಮೈಸೂರಿನಿಂದ ಫೋನ್ ಮಾಡಿದ ಅತ್ತೆ ಭಾಗೀರಥಮ್ಮ, "ನೋಡಿದ್ಯಾ, ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ" ಎಂದು ಯಹೂದಿಗಳ ದಾರದ ಕೀರ್ತಿಯನ್ನೂ ತಮ್ಮ ಮನೆತನಕ್ಕೇ ಬರೆದುಕೊಂಡರು. ದಿನೇಶ ಹೆಂಡತಿಯನ್ನು ಹೊಗಳಿದ. ಅವಳಿಗೂ ಜಂಬವಾಯಿತು, ಆಗದೆ ಇರುತ್ತದೆಯೇ.

ಬುಧವಾರ ಫಾರ್ಮಿಗೆ ಹೋಗುವ ದಿನ. ರಾಜೇಶ್ವರಿ ದಾರವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, "ಬಾ ಪುಟ್ಟಿ, ರಿವ್ಕಾ ಕಾಯ್ತಿದಾಳೆ" ಎಂದಳು.

ಸೃಷ್ಟಿ ಬರಲಿಲ್ಲ.

ಬೂಟು ಹಾಕಿಕೊಂಡಿದ್ದಳು, ಕೋಟು ಹಾಕಿಕೊಂಡಿದ್ದಳು. ಕಣ್ಣು ಕಾರಿನ ಮೇಲಿತ್ತು. ಕಾಲು ಮಾತ್ರ ಹೊಸ್ತಿಲ ಒಳಗೇ. ದಾರ ಬಿಚ್ಚಿ ತೆಗೆದರೆ ಇನ್ನೂ ಕೆಟ್ಟಿತು. ದಾರವಿದ್ದಾಗ ಗಡಿ ಎಲ್ಲಿದೆ ಎಂದಾದರೂ ತಿಳಿಯುತ್ತಿತ್ತು. ಈಗ ಅದು ಎಲ್ಲಿ ಬೇಕಾದರೂ ಇರಬಹುದು. ಅವಳು ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಹೊರಗೆ ಬಂದು ನಿಂತರು. ರಾಜೇಶ್ವರಿ ದಾರವನ್ನು ಮತ್ತೆ ಅದೇ ಜಾಗದಲ್ಲಿ ಕಟ್ಟಿದಳು. ಕಿರುಚಾಟ ನಿಂತಿತು.

ಫಾರ್ಮಿಗೆ ಹೋಗುವ ಇನ್ನೊಂದು ದಿನವಾದ ಶುಕ್ರವಾರವೂ ಅಷ್ಟೇ. "ಈಗ ದಾಟಬಹುದು, ಅಮ್ಮಾನೇ ಹೇಳ್ತಿದೀನಿ" ಎಂದರೆ, ಯಾವತ್ತೂ ದಾಟಬಾರದು ಎಂದವಳೂ ಅಮ್ಮನೇ. ದಿನೇಶ ಒಂದು ದಿನ ಎತ್ತಿಕೊಂಡು ಹೋಗಲು ನೋಡಿದ. ಅವಳು ಚೌಕಟ್ಟನ್ನು ಹಿಡಿದ ಹಿಡಿತಕ್ಕೆ ಉಗುರು ಕಿತ್ತು ರಕ್ತ ಬಂತು. ಮತ್ತೆ ಯಾರೂ ಆ ಸಾಹಸ ಮಾಡಲಿಲ್ಲ.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ವಿ" ಎಂದ ದಿನೇಶ, ಬ್ಯಾಂಡೇಜು ಸುತ್ತುತ್ತ.

"ಮಾಡಿದ್ವಿ ಅನ್ಬೇಡ. ಮಾಡಿದ್ದು ನಾನು. ನೀನು ರೋಟಾದಲ್ಲಿದ್ದೆ" ಎಂದಳು ರಾಜೇಶ್ವರಿ.

ಈಗ ಮನೆಗೆ ಬೀಗವೇ ಬೇಡವಾಯಿತು. ಬಾಗಿಲು ಹಾರುಹೊಡೆದಿದ್ದರೂ ಮಗಳು ಒಳಗೇ, ಮಗಳು ಒಳಗಿದ್ದ ಮೇಲೆ ಅಮ್ಮನೂ ಒಳಗೇ. ಸೃಷ್ಟಿ ದಾರದ ಮುಂದೆ ನಿಂತು ಬೀದಿ ನೋಡುತ್ತಿದ್ದಳು. ಓಡುವ ಮಗುವಿನ ಹಿಂದೆ ಓಡಿ ಸುಸ್ತಾಗಿದ್ದ ರಾಜೇಶ್ವರಿಗೆ ಈಗ ಅದರ ನಿಂತ ಬೆನ್ನನ್ನು ನೋಡಲಾಗುತ್ತಿರಲಿಲ್ಲ. ಒಮ್ಮೆಯಾದರೂ ಓಡು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಫಾರ್ಮಿನಿಂದ ಫೋನ್ ಬಂದರೆ ಜ್ವರ ಎಂದು ಸುಳ್ಳು ಹೇಳಿದಳು. ಎಷ್ಟು ದಿನ ಹೇಳಿಯಾಳು? ಆ ಜಾಗಕ್ಕಾಗಿ ಕಾಯುವ ಮಕ್ಕಳು ಬೇರೆ ಇದ್ದರು, ಸುಮ್ಮನೆ ಖಾಲಿ ಬಿಡುವುದಕ್ಕಾಗದು ಎಂದು ಕಚೇರಿಯವರು ನಯವಾಗಿಯೇ ತಿಳಿಸಿದರು. ಈ ಭೂಮಿಯ ಮೇಲೆ ಮಗಳನ್ನು ಬಾ ಎಂದಿದ್ದು ಅದೊಂದೇ ಜಾಗ. ಅದನ್ನೂ ತಾನೇ ಕಳೆಯುತ್ತಿದ್ದೇನೆ ಎಂದು ಅವಳಿಗೆ ಊಟ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ರಿವ್ಕಾಳೇ ಬಂದಳು. ಕೈಯಲ್ಲಿ ಸೇಬು, ಕಾಲಲ್ಲಿ ಅದೇ ಬೂಟು. ತೆರೆದ ಬಾಗಿಲು, ಸೊಂಟಕ್ಕೆ ದಾರ, ದಾರದ ಆಚೆ ಸೃಷ್ಟಿ. ರಿವ್ಕಾ ಹೊರಗಿನ ಮೆಟ್ಟಿಲ ಮೇಲೆಯೇ ಕೂತಳು. ಟೀ ಬೇಡ ಎಂದಳು. ಮಡಿಯೆಂದು ಬೇರೆಯವರ ಮನೆಯಲ್ಲಿ ನೀರೂ ಮುಟ್ಟದ ಅತ್ತೆಯನ್ನು ಕಂಡ ರಾಜೇಶ್ವರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ.

"ಜ್ವರ ಇಲ್ಲ ಅಲ್ವಾ?" ಎಂದಳು ರಿವ್ಕಾ.

ರಾಜೇಶ್ವರಿ ಎಲ್ಲವನ್ನೂ ಹೇಳಿದಳು. ರಾಮಾಯಣವನ್ನೂ ಹೇಳಬೇಕಾಯಿತು. ಕೇಳಿ ಮುಗಿಸಿ ರಿವ್ಕಾ ಹಣೆ ಒತ್ತಿಕೊಂಡಳು.

"ಬಕೆಟ್ ಕೆಳಗಿಟ್ಟು ಹೇಳ್ಬೇಕಿತ್ತು ನಾನು" ಎಂದಳು. "ನಮ್ಮ ದಾರ ದಾಟಬಾರದು ಅಂತ ಅಲ್ಲ. ನಾವೆಲ್ಲ ದಿನಾ ದಾಟ್ತೀವಿ, ಕುರೀನೂ ದಾಟುತ್ತೆ. ಶಬ್ಬತ್ ದಿನ ಮನೆಯಿಂದ ಬೀದಿಗೆ ಏನನ್ನೂ ಎತ್ಕೊಂಡು ಹೋಗೋ ಹಾಗಿಲ್ಲ. ಪುಸ್ತಕ ಇಲ್ಲ, ಬೀಗದ ಕೈ ಇಲ್ಲ. ಮಗುವನ್ನೂ ಎತ್ಕೊಳ್ಳೋ ಹಾಗಿಲ್ಲ. ನನ್ನ ತಮ್ಮನಿಗೆ ನಡೆಯೋಕೆ ಆಗ್ತಿರಲಿಲ್ಲ. ಆಗ ಲೀಡ್ಸ್‌ನಲ್ಲಿ ನಮ್ಮ ಕಡೆ ಎರೂವ್ ಇರಲಿಲ್ಲ. ಪ್ರತಿ ಶನಿವಾರ ಬೀದಿಯೋರೆಲ್ಲ ಹೊರಗೆ, ನಮ್ಮಮ್ಮ ಅವನ ಜೊತೆ ಒಳಗೆ, ಕಿಟಕೀಲಿ."

ರಿವ್ಕಾ ಬೆರಳೆತ್ತಿ ಬಾಗಿಲ ಚೌಕಟ್ಟನ್ನು ತೋರಿಸಿದಳು.

"ಎರಡು ಕಂಬ, ಮೇಲೊಂದು ದಾರ. ನಮ್ಮ ಲೆಕ್ಕದಲ್ಲಿ ಅದು ಬಾಗಿಲು. ಊರ ಸುತ್ತ ಅಂಥ ಬಾಗಿಲು ಇಟ್ಟರೆ ಒಳಗಿನದೆಲ್ಲ ಒಂದೇ ಮನೆ ಅಂತ ಆಗುತ್ತೆ. ಆಮೇಲೆ ತಾಯಿ ಮಗುವನ್ನ ಎತ್ಕೊಂಡು ಹೊರಗೆ ಬರಬಹುದು. ಅದಕ್ಕೇ ಇರೋದು ಅದು."

ರಾಜೇಶ್ವರಿಗೆ ಮೊದಲು ನಗು ಬಂತು. ತಾಯಿ ಹೊರಗೆ ಬರಲೆಂದು ಯಾರೋ ಕಟ್ಟಿದ ದಾರವನ್ನು ತಂದು, ಮಗಳಿಗೂ ತನಗೂ ಬೀಗ ಮಾಡಿದ್ದಳು. ನಗು ಅರ್ಧಕ್ಕೇ ಅಳುವಾಯಿತು. ರಿವ್ಕಾ ಸಮಾಧಾನ ಮಾಡಲು ಹೋಗಲಿಲ್ಲ.

"ನಿಮ್ಮ ದಾರ ಎತ್ತರ ತಪ್ಪಿದೆ, ಅಷ್ಟೇ" ಎಂದಳು.

ರಾಜೇಶ್ವರಿ ಮೂಗು ಒರೆಸಿಕೊಂಡು ಅಡುಗೆಮನೆಯ ಸ್ಟೂಲು ತಂದಳು. ಕಿರುಚಾಟ ಬರುತ್ತದೆ ಎಂದುಕೊಳ್ಳುತ್ತಲೇ ಗಂಟು ಬಿಚ್ಚಿದಳು. ದಾರವನ್ನು ಸೃಷ್ಟಿಯ ಕಣ್ಣಿನಿಂದ ಮರೆಯಾಗಲು ಬಿಡದೆ ಮೆಲ್ಲನೆ ಮೇಲೆತ್ತಿ, ಹಬ್ಬದ ದಿನ ತೋರಣ ಕಟ್ಟುವ ಜಾಗದಲ್ಲಿ, ಬಾಗಿಲ ನೆತ್ತಿಗೆ ಕಟ್ಟಿದಳು. ಸೃಷ್ಟಿಯ ಕಣ್ಣು ದಾರದ ಜೊತೆಗೇ ಮೇಲೆ ಹೋಯಿತು. ಕಿರುಚಲಿಲ್ಲ.

"ಅಮ್ಮ ತಪ್ಪು ಹೇಳಿದ್ದೆ ಪುಟ್ಟಿ. ಇದು ರಿವ್ಕಾಳ ದಾರ. ಇದು ಬಾಗಿಲು."

ಸೃಷ್ಟಿ ಹೊಸ್ತಿಲಿಗೆ ಬಂದು ನಿಂತಳು. ಕತ್ತೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ ಎರಡೂ ತೋಳು ಮೇಲೆತ್ತಿದಳು.

ರಾಜೇಶ್ವರಿಗೆ ತಿಳಿಯಲಿಲ್ಲ. ಮಗಳು ತೋಳು ಚಾಚಿದ್ದು ಯಾವ ಕಾಲದಲ್ಲೋ, ಅಂಬೆಗಾಲಿನ ದಿನಗಳಲ್ಲಿ. ರಿವ್ಕಾ ಮೆಟ್ಟಿಲಿಂದ ಮೆಲ್ಲನೆ ಹೇಳಿದಳು: "ಅವಳಿಗೆ ದಾರ ಎಟುಕ್ತಿಲ್ಲ. ಮುಟ್ಟಿ ನೋಡ್ಬೇಕು."

ಒಂಬತ್ತು ವರ್ಷದ ಹುಡುಗಿ, ಕೋಟು, ಬೂಟು, ಎಲ್ಲ ಸೇರಿ ಭಾರ. ರಾಜೇಶ್ವರಿ ಬಗ್ಗಿ, ಸೊಂಟ ಹಿಡಿದು ಎತ್ತಿದಳು. ಸೃಷ್ಟಿ ಬೆರಳಿನಿಂದ ದಾರವನ್ನು ಮುಟ್ಟಿದಳು. ಈ ತುದಿಯಿಂದ ಆ ತುದಿಗೆ ಸವರಿದಳು. ಎಲ್ಲೂ ಕಡಿದಿರಲಿಲ್ಲ. ಆಮೇಲೆ ಅವಳ ಮೈ ಸಡಿಲವಾಯಿತು, ಕೈ ಅಮ್ಮನ ಹೆಗಲ ಮೇಲೆ ಬಿತ್ತು. ರಾಜೇಶ್ವರಿ ಮಗಳನ್ನು ಎತ್ತಿಕೊಂಡು ದಾರದ ಕೆಳಗೆ ನಡೆದು ಹೊರಗೆ ಬಂದಳು.

ಮೆಟ್ಟಿಲಿಳಿದಳು, ಗೇಟು ದಾಟಿದಳು, ಫುಟ್‌ಪಾತಿನ ಮೇಲೆ ನಿಂತಳು. ತೋಳು ಬಿದ್ದುಹೋಗುವಷ್ಟು ನೋವು. ಎದುರಿಗೇ ರಸ್ತೆ, ಬಸ್ಸು ಹೋಗುತ್ತಿತ್ತು. ಇಳಿಸಿದರೆ ಓಡಬಹುದು. ಇಳಿಸದಿದ್ದರೆ ಎಷ್ಟು ಹೊತ್ತು? ಅವಳು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

"ಡೌನ್" ಎಂದಳು ಸೃಷ್ಟಿ, ಅಮ್ಮನ ಕಿವಿಯಲ್ಲಿ.

ರಾಜೇಶ್ವರಿಗೆ ಕೈ ಬಿಡಲು ಆಗಲಿಲ್ಲ. ರಿವ್ಕಾಳನ್ನು ನೋಡಿದಳು.

"ಡೌನ್, ಅಮ್ಮಾ."

ರಾಜೇಶ್ವರಿ ಮಗಳನ್ನು ಕೆಳಗಿಳಿಸಿದಳು.