ಕೊಂಡಿ ನೇತುಹಾಕುವ ಗೋಡೆ

ನಮ್ಮ ಶೆಡ್ಡಿನೊಳಗೆ ಹೋದವರು ಕಾಲು ಮುರಿದುಕೊಳ್ಳದೆ ಹೊರಗೆ ಬಂದರೆ ಅದೇ ದೊಡ್ಡದು. ಕೆಟ್ಟು ನಿಂತ ಗಾಡಿ, ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಎಳೆದು ತರುವುದು ನಮ್ಮ ಕಸುಬು. ಅದಕ್ಕೆ ಬೇಕಾದ ಸರಪಳಿ, ಬೆಲ್ಟು, ಕೊಕ್ಕೆ, ಟ್ರೇಲರ್ ಸಿಗಿಸುವ ಡ್ರಾ ಬಾರು, ಅದರ ತುದಿಯ ಕಬ್ಬಿಣದ ಗುಂಡು, ಪಿನ್ನು, ಎಲ್ಲವೂ ಇಪ್ಪತ್ತು ವರ್ಷದಿಂದ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಒಂದು ಬೇಕೆಂದರೆ ಹತ್ತನ್ನು ಎತ್ತಿ ಎಸೆಯಬೇಕು. ನಾನು ಎಸೆಯುತ್ತಿದ್ದೆ. ಎಸೆಯುವುದರಲ್ಲಿ ನನಗೊಂದು ಸುಖವೂ ಇತ್ತು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದು ಸುಳ್ಳಲ್ಲ.

ಆ ರಾಶಿಗೊಂದು ಗತಿ ಕಾಣಿಸಲು ಕೊನೆಗೆ ಅಣ್ಣನೇ ಬರಬೇಕಾಯಿತು. ಕಾರಣ ನನ್ನ ಮಗಳು. ಇಪ್ಪತ್ತನಾಲ್ಕು ವರ್ಷದ ಅವಳು ದೊಡ್ಡ ಗಾಡಿಯ ಲೈಸೆನ್ಸ್ ತೆಗೆದುಕೊಂಡು, ಮುಂದಿನ ವಾರದಿಂದ ನಮ್ಮ ಎಳೆಯುವ ಗಾಡಿಯನ್ನು ತಾನೇ ಓಡಿಸುವುದಾಗಿ ಹೇಳಿದ್ದಳು. ಅದು ಕಿವಿಗೆ ಬಿದ್ದ ಮರುದಿನ ಬೆಳಿಗ್ಗೆಯೇ ಅಣ್ಣ ವೆಲ್ಡಿಂಗ್ ಮೆಷಿನ್ನು, ಉದ್ದನೆಯ ಆರು ಕಬ್ಬಿಣದ ಆಂಗಲ್ಲು, ದಪ್ಪ ಪ್ಲೈವುಡ್ಡಿನ ಎರಡು ಹಲಗೆ ತಂದು ಶೆಡ್ಡಿನ ಬಾಗಿಲಲ್ಲಿ ಇಳಿಸಿದ.

"ನಮ್ಮ ಹುಡುಗಿ ನನ್ನ ಹಾಗೆ ಕತ್ತೆ ಕೆಲಸ ಮಾಡಬಾರ್ದು ಕಣೋ," ಎಂದ. "ಕೈ ಚಾಚಿದ್ರೆ ಸಾಮಾನು ಕೈಗೆ ಬರ್ಬೇಕು. ಹುಡುಕೋ ಪ್ರಸಂಗವೇ ಇರಬಾರ್ದು."

ಅಣ್ಣನಿಗೆ ಬಲಗಣ್ಣಿಲ್ಲ. ಬಲಗೆನ್ನೆಯ ಎಲುಬಿನ ಜಾಗದಲ್ಲಿ ಲೋಹದ ತಗಡಿದೆ, ದವಡೆ ಒಂದು ಕಡೆಗೆ ವಾಲಿದೆ. ಊಟ ಮಾಡುವಾಗ ದವಡೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ. ಆ ಸದ್ದು ಬಂದಾಗಲೆಲ್ಲ ನಾನು ತಟ್ಟೆ ಹಿಡಿದು ಹೊರಗೆ ಹೋಗಿ ಕೂರುತ್ತೇನೆ.

ಹನ್ನೊಂದು ವರ್ಷದ ಹಿಂದೆ ಒಂದು ಜೀಪು ಕೆಸರಿನಲ್ಲಿ ಹೂತುಹೋಗಿತ್ತು. ಅಣ್ಣ ಜೀಪಿನ ಸ್ಟೀರಿಂಗ್ ಹಿಡಿದು ಕೂತಿದ್ದ, ನಾನು ಮುಂದೆ ನಮ್ಮ ಗಾಡಿಯಲ್ಲಿದ್ದೆ. ಎರಡರ ನಡುವೆ ಬೆಲ್ಟು. ಕ್ರಮ ಏನೆಂದರೆ, ಗಾಡಿಯ ಹಿಂದಿನ ಡ್ರಾ ಬಾರನ್ನು ಕಳಚಿ, ಆ ಜಾಗಕ್ಕೆ ಉಕ್ಕಿನ ಬಳೆಯಂಥ ಕೊಂಡಿ ಸಿಗಿಸಿ, ಕೊಂಡಿಗೆ ಬೆಲ್ಟು ಹಾಕಬೇಕು. ಡ್ರಾ ಬಾರಿನ ಗುಂಡಿನ ಮೇಲೆ ಬೆಲ್ಟು ಹಾಕಲೇಬಾರದು. ಆ ಗುಂಡು ಟ್ರೇಲರಿನ ಭಾರ ತಡೆಯುತ್ತದೆ, ಜಗ್ಗಿದರೆ ತಡೆಯುವುದಿಲ್ಲ. ಅವತ್ತು ಬೆಲ್ಟು ಗುಂಡಿನ ಮೇಲಿತ್ತು. ಮೂರನೆಯ ಸಲ ಜಗ್ಗಿದಾಗ ಗುಂಡಿನ ಕತ್ತು ಮುರಿಯಿತು. ಎರಡು ಕೆ.ಜಿ. ಕಬ್ಬಿಣ, ಎಳೆದು ಬಿಟ್ಟ ಬೆಲ್ಟಿನ ರಭಸದಲ್ಲಿ ಹಾರಿ, ಜೀಪಿನ ಗಾಜು ಒಡೆದುಕೊಂಡು ಅಣ್ಣನ ಮುಖಕ್ಕೆ ಬಡಿಯಿತು. ನಾನು ಇಳಿದು ಓಡಿ ಹೋದಾಗ ಅವನ ಹಲ್ಲುಗಳು ಅಂಗಿಯ ಜೇಬಿನ ಮೇಲಿದ್ದವು. ಕಣ್ಣಿದ್ದ ಜಾಗದಿಂದ ರಕ್ತ ಬುಳಬುಳ ಬರುತ್ತಿತ್ತು. ಸೀಟಿನ ಹಿಂಭಾಗ ಸೀಳಿಕೊಂಡು ಆ ಗುಂಡು ಹಿಂದಿನ ಸೀಟಿನಲ್ಲಿ ಏನೂ ಅರಿಯದ ಹಾಗೆ ಕೂತಿತ್ತು.

ಬೆಲ್ಟನ್ನು ಗುಂಡಿನ ಮೇಲೆ ಹಾಕಿದವನು ನಾನು.

ಅಣ್ಣನಿಗೆ ಆ ದಿನದ ನೆನಪೇ ಇಲ್ಲ. ಬೆಳಿಗ್ಗೆ ಕುಡಿದ ಕಾಫಿಯವರೆಗೆ ನೆನಪಿದೆ, ಆಮೇಲೆ ಬರೀ ಬಿಳಿ ಗೋಡೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ದವಡೆಗೆ ತಂತಿ ಬಿಗಿದು ಮಾತಾಡಲಾಗದೆ, ನನ್ನ ಮಗಳ ನೋಟ್‌ಬುಕ್ಕಿನಲ್ಲಿ ಬರೆದು ಕೇಳಿದ: ಬೆಲ್ಟು ಯಾರು ಹಾಕಿದ್ದು? ಅತ್ತಿಗೆ ಅಲ್ಲೇ ನಿಂತಿದ್ದರು. ನಾನು, "ನೀನೇ ಅಣ್ಣ," ಎಂದೆ. ಹೇಗೆ ಬಂತೋ ಬಾಯಿಗೆ, ಬಂದುಬಿಟ್ಟಿತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಹನ್ನೊಂದು ವರ್ಷ ಅದೇ ನಾಳೆ.

ಕಣ್ಣು ಹೋದದ್ದಕ್ಕಿಂತ ಆ ಮಾತೇ ಅವನನ್ನು ಹೆಚ್ಚು ಹಾಳು ಮಾಡಿತು. ಈ ಕಸುಬನ್ನು ನನಗೆ ಕಲಿಸಿದವನೇ ಅವನು. ಅವನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಒಂದೇ ಕಣ್ಣಿನಲ್ಲೂ ಓಡಿಸಬಹುದು ಎಂದು ಡಾಕ್ಟರು ಬರೆದುಕೊಟ್ಟರು, ಆದರೂ ಮುಟ್ಟಲಿಲ್ಲ. ಗೇಟು ವೆಲ್ಡ್ ಮಾಡಿ ಬದುಕಿದ. ಗ್ಯಾಸಿನ ವಾಲ್ವನ್ನು ಮೂರು ಸಲ ನೋಡುತ್ತಾನೆ. ಮೊಮ್ಮಗುವಿನ ಕೈ ಹಿಡಿದು ರಸ್ತೆ ದಾಟುವುದಿಲ್ಲ, "ನನ್ನ ಕೈ ನಂಬ್ಬೇಡಿ ಮಾರಾಯ್ರೇ," ಎನ್ನುತ್ತಾನೆ, ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಇದು ಅವನಿಗೆ ಗೊತ್ತಾದರೆ ನನಗೆ ಅಣ್ಣ ಉಳಿಯುವುದಿಲ್ಲ, ನನಗಿದ್ದ ಭಯ ಅದೊಂದೇ.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಗೋಡೆಯ ಕೆಲಸ ಮುಕ್ಕಾಲು ಮುಗಿದಿತ್ತು. ಆಂಗಲ್ಲಿನ ಚೌಕಟ್ಟನ್ನು ಗೋಡೆಗೆ ಬೋಲ್ಟ್ ಮಾಡಿ, ಅದರ ಮೇಲೆ ಹಲಗೆ ಕೂರಿಸಿ, ಪೈಪಿನ ತುಂಡುಗಳನ್ನು ಗೇಣುದ್ದಕ್ಕೆ ಕತ್ತರಿಸಿ, ತುದಿ ಮೇಲಕ್ಕೆ ಬರುವ ಹಾಗೆ ಕಬ್ಬಿಣದ ಬಿಲ್ಲೆಗಳಿಗೆ ಬೆಸೆದು, ಆ ಗೂಟಗಳನ್ನು ಹಲಗೆಗೆ ಬೋಲ್ಟ್ ಮಾಡಿದ್ದೆವು. ಸರಪಳಿಗೆ ಕೆಳಗೆ, ಬೆಲ್ಟಿಗೆ ಮೇಲೆ. ಡ್ರಾ ಬಾರುಗಳಿಗೆ ಚೌಕ ಪೈಪಿನ ಗೂಡು. ಗಾಡಿಗೆ ಸಿಗಿಸಿದ ಹಾಗೆಯೇ ಅದಕ್ಕೂ ಸಿಗಿಸಿ ಪಿನ್ನು ಹಾಕಬಹುದು. ಅಣ್ಣ ಪ್ರತಿ ಬೋಲ್ಟನ್ನೂ ತಾನು ಬಿಗಿದು, "ನೀನೊಂದ್ಸಲ ನೋಡು," ಎಂದು ಸ್ಪ್ಯಾನರನ್ನು ನನ್ನ ಕೈಗೆ ಕೊಡುತ್ತಿದ್ದ. ಒಂದೂ ಸಡಿಲ ಇರಲಿಲ್ಲ.

ಬಾಗಿಲ ಪಕ್ಕದಲ್ಲಿ, ಮಗಳ ಎದೆಯ ಎತ್ತರಕ್ಕೆ, ಒಂದು ಗೂಟ ಬಿಟ್ಟು ಅದಕ್ಕೆ ಕೆಂಪು ಬಣ್ಣ ಬಳಿದ.

"ಇದು ಕೊಂಡಿ ಜಾಗ," ಎಂದ, ಬೆಳಿಗ್ಗೆಯಿಂದ ಸಾಮಾನು ಎತ್ತಿಕೊಡುತ್ತಿದ್ದ ಮಗಳಿಗೆ. "ಬೇರೆ ಏನನ್ನೂ ನೇತು ಹಾಕ್ಬೇಡ. ಗಾಡಿ ಹೊರಡೋ ಮುಂಚೆ ಈ ಗೂಟ ಖಾಲಿ ಇರ್ಬೇಕು. ಅವತ್ತು ಇಂಥದೊಂದು ಇದ್ದಿದ್ರೆ ನಿನ್ನ ದೊಡ್ಡಪ್ಪ ಇವತ್ತು ಸಿನಿಮಾ ಹೀರೋ."

ಮಗಳು ನಕ್ಕಳು. "ಅವತ್ತು ಕೊಂಡಿ ಇರ್ಲೇ ಇಲ್ವಾ ದೊಡ್ಡಪ್ಪ?"

"ಇತ್ತಂತೆ. ಗಾಡಿ ಪೆಟ್ಟಿಗೆಲೇ ಇತ್ತಂತೆ. ನಾನು ದೊಡ್ಡ ಮನುಷ್ಯ, ಹುಡುಕೋಕೆ ಸೋಮಾರಿತನ."

"ಸೋಮಾರಿತನ ಅಲ್ಲ," ಎಂದೆ ನಾನು. ರಾಶಿಯ ತಳದಲ್ಲಿ ಸಿಕ್ಕಿಕೊಂಡ ಸರಪಳಿಯನ್ನು ಜಗ್ಗುತ್ತಿದ್ದೆ, ಅದು ಬರುತ್ತಿರಲಿಲ್ಲ, ಪಿತ್ತ ನೆತ್ತಿಗೇರಿತ್ತು. "ಇಡೀ ಪೆಟ್ಟಿಗೆ ಬುಡಮೇಲು ಮಾಡ್ದೆ ನಾನು. ಹೀಗೇ ಎಲ್ಲಾ ಗಂಟು ಬಿದ್ದಿದ್ರೆ ಎಲ್ಲಿ ಸಿಗತ್ತೆ?"

ಅಣ್ಣ ಬ್ರಷ್ಷನ್ನು ಡಬ್ಬಿಯ ಮೇಲಿಟ್ಟ.

"ನೀನ್ಯಾಕೆ ಬುಡಮೇಲು ಮಾಡ್ದೆ?"

ನಾನು ಸರಪಳಿ ಬಿಟ್ಟೆ.

"ಬೆಲ್ಟು ಹಾಕಿದ್ದು ನಾನಾದ್ರೆ, ಕೊಂಡಿ ಹುಡುಕಿದ್ದು ನೀನ್ಯಾಕೆ?"

ಮಗಳು ನನ್ನನ್ನು ನೋಡಿದಳು. ಅಣ್ಣ ಉತ್ತರಕ್ಕೆ ಕಾಯಲಿಲ್ಲ, ನನ್ನ ಮುಖದಲ್ಲೇ ಓದಿಕೊಂಡ. ಎರಡು ಹೆಜ್ಜೆಯಲ್ಲಿ ಬಂದು ನನ್ನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಅಪ್ಪಳಿಸಿದ. ಹೊಸ ಗೂಟವೊಂದು ನನ್ನ ಬೆನ್ನಿನ ಮಾಂಸದೊಳಗೆ ಇಳಿಯಿತು. ಎಳೆದು ಮತ್ತೆ ಅಪ್ಪಳಿಸಿದ, ತಲೆ ಆಂಗಲ್ಲಿಗೆ ಬಡಿದು ಕಣ್ಣಿಗೆ ಕತ್ತಲೆ ಕವಿಯಿತು. ಮೂರನೆಯ ಸಲಕ್ಕೆ ನನ್ನ ಮಂಡಿ ಅವನ ಹೊಟ್ಟೆಗೆ ಹೋಯಿತು. ಅವನು ಬಗ್ಗಿದ. ನನ್ನ ಕೈಗೆ ಗೂಟದ ಮೇಲಿನ ಸರಪಳಿ ಸಿಕ್ಕಿತು.

ಇದನ್ನು ಹೇಳಲೇಬೇಕು. ನಾನು ಸರಪಳಿ ಬೀಸಿದ್ದು ಅವನ ಬಲಗಡೆಯಿಂದ. ಕಣ್ಣಿಲ್ಲದ ಕಡೆಯಿಂದ. ಅವನಿಗೆ ಅದು ಬರುವುದು ಕಾಣಲಿಲ್ಲ. ಯೋಚಿಸಿ ಮಾಡಲಿಲ್ಲ ಎನ್ನಬಹುದು, ಆದರೆ ಕೈಗೆ ಎಲ್ಲ ಗೊತ್ತಿತ್ತು. ತಗಡಿನ ಮೇಲೆ ಕಬ್ಬಿಣ ಬಿದ್ದ ಸದ್ದಾಯಿತು. ಕೆನ್ನೆ ಬಿರಿದು ರಕ್ತ ಅವನ ಕುತ್ತಿಗೆಗೆ ಇಳಿಯಿತು.

ಅವನು ಬೀಳಲಿಲ್ಲ. ಗೂಡಿನಿಂದ ಡ್ರಾ ಬಾರು ಹಿರಿದ. ಮೊದಲ ಏಟನ್ನು ತಡೆಯಲು ನಾನು ಎಡಗೈ ಎತ್ತಿದೆ, ಮುಂಗೈ ಕಬ್ಬಿನ ಹಾಗೆ ಮುರಿಯಿತು. ಎರಡನೆಯದು ಭುಜದ ಎಲುಬಿಗೆ. ನಾನು ರಾಶಿಯ ಮೇಲೆ ಅಂಗಾತ ಬಿದ್ದೆ. ಗುರಿ ತಪ್ಪಿದ ಮೂರನೆಯ ಏಟು ಹಲಗೆಗೆ ಬಿದ್ದು ನಾಲ್ಕು ಗೂಟಗಳನ್ನು ಕಿತ್ತುಕೊಂಡು ಬಂತು. ಬೆಳಿಗ್ಗೆಯಿಂದ ಕಟ್ಟಿದ್ದೆಲ್ಲ ನನ್ನ ಕಾಲ ಮೇಲೆ ಸುರಿಯಿತು. ಮಗಳು ಅಣ್ಣನ ತೋಳಿಗೆ ಜೋತುಬಿದ್ದು, "ಸಾಕು ದೊಡ್ಡಪ್ಪ, ಸತ್ತೋಗ್ತಾರೆ," ಎನ್ನುತ್ತಿದ್ದಳು. ಅವಳ ತೂಕವೂ ಸೇರಿ ಡ್ರಾ ಬಾರು ನನ್ನ ಹಣೆಯ ಮೇಲೆ ತೂಗುತ್ತಿತ್ತು.

"ಒಂದು ಹೇಳು," ಎಂದ ಅಣ್ಣ. ಬಾಯಿಯಲ್ಲಿ ರಕ್ತ ತುಂಬಿ ಮಾತು ಮುದ್ದೆಯಾಗಿತ್ತು. "ಜೀಪ್ ಹತ್ತೋ ಮುಂಚೆ ನಾನು ನಿನ್ನ ಕೇಳಿರ್ಲಿಲ್ವಾ? ಕೊಂಡಿ ಹಾಕಿದ್ಯಾ ಅಂತ ಒಂದು ಮಾತು ಕೇಳದೆ ಹತ್ತಿ ಕೂತ್ನಾ ನಾನು?"

ಅವನ ಒಂದೇ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು. ಕೇಳಲಿಲ್ಲ ಎಂದಿದ್ದರೆ ತಪ್ಪಿನಲ್ಲಿ ಅವನಿಗೂ ಅರ್ಧ ಪಾಲು ಸಿಗುತ್ತಿತ್ತು. ಬಹುಶಃ ಏಟು ಅಲ್ಲಿಗೇ ನಿಲ್ಲುತ್ತಿತ್ತು. ಮಗಳ ಮುಂದೆ ನನ್ನ ಮಾನವೂ ಅಷ್ಟಿಷ್ಟು ಉಳಿಯುತ್ತಿತ್ತು.

"ನೀನು ಕೇಳ್ದೆ," ಎಂದೆ. "ಎರಡು ಸಲ ಕೇಳ್ದೆ. ಎರಡು ಸಲನೂ ಹಾಕಿದೀನಿ ಅಂದೆ ನಾನು."

ಮಗಳು ಅವನ ತೋಳನ್ನು ಬಿಟ್ಟುಬಿಟ್ಟಳು. ಬೇಕೆಂದೇ ಬಿಟ್ಟಳು, ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ. ಡ್ರಾ ಬಾರು ನೆಲಕ್ಕೆ ಬಿದ್ದ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಅಣ್ಣ ತನ್ನ ಎರಡೂ ಅಂಗೈಗಳನ್ನು ಬಿಚ್ಚಿ ನೋಡಿಕೊಳ್ಳುತ್ತಿದ್ದ. "ಎರಡು ಸಲ," ಎಂದ. ಆಮೇಲೆ ಅಳತೊಡಗಿದ. ಅಪ್ಪ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಅದು ದುಃಖವೋ ಸಮಾಧಾನವೋ ನನಗೆ ತಿಳಿಯಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ಹನ್ನೊಂದು ವರ್ಷ ಒಬ್ಬ ಮನುಷ್ಯನ ಕೈಯನ್ನು ಅವನಿಂದಲೇ ಕದ್ದಿಟ್ಟುಕೊಂಡಿದ್ದೆ ನಾನು.

ನನ್ನ ಕೈ ಮೊಣಕೈಯ ಕೆಳಗೆ ಇನ್ನೊಂದು ಕಡೆ ಬಾಗಿತ್ತು, ಬೆನ್ನು ಒದ್ದೆಯಾಗಿತ್ತು. ಮಗಳು ಗಾಡಿಯ ಬೀಗದ ಕೈ ತೆಗೆದುಕೊಂಡಳು. ಅದು ಅವಳ ಕೈಯಿಂದ ಎರಡು ಸಲ ಜಾರಿ ನೆಲಕ್ಕೆ ಬಿತ್ತು.

"ಕೊಡು ಇಲ್ಲಿ," ಎಂದ ಅಣ್ಣ. "ಈ ಕೈಯಲ್ಲಿ ನೀನು ಓಡಿಸೋದು ಬೇಡ."

ಅವನೇ ಓಡಿಸಿದ. ಕೆನ್ನೆಗೆ ಒರೆಸುವ ಬಟ್ಟೆ ಬಿಗಿದು ಕಟ್ಟಿಕೊಂಡು, ಬಲಗಡೆ ಕಾಣಲು ಕತ್ತನ್ನು ಪೂರ್ತಿ ತಿರುಗಿಸಿ ತಿರುಗಿಸಿ ನೋಡುತ್ತ, ಒಂದು ಗೇರೂ ತಪ್ಪದೆ ಓಡಿಸಿದ. ನಾನು ಬಾಗಿಲಿಗೆ ಒರಗಿ ನರಳುತ್ತಿದ್ದೆ.

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ನರ್ಸಮ್ಮ ನನ್ನ ಕೈ ನೋಡಿ, ಅಣ್ಣನ ಮುಖ ನೋಡಿ, "ಏನಾಯ್ತು?" ಎಂದರು.

"ಶೆಡ್ಡಲ್ಲಿ ರ‍್ಯಾಕ್ ಕಟ್ತಾ ಇದ್ವಿ," ಎಂದೆ ನಾನು. "ಮೇಲಿಂದ ಬಿತ್ತು."

"ಸುಳ್ಳು," ಎಂದ ಅಣ್ಣ. "ನಾನು ಹೊಡೆದೆ. ಕಬ್ಬಿಣದ ಬಾರಲ್ಲಿ ಹೊಡೆದೆ, ಎರಡೇಟು. ಅದನ್ನೇ ಬರ್ಕೊಳ್ಳಿ. ಪೊಲೀಸರನ್ನ ಕರೀಬೇಕಾದ್ರೆ ಕರೀರಿ, ನಾನಿಲ್ಲೇ ಇರ್ತೀನಿ."

ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬರೆದುಕೊಂಡರು.

"ಇವರು ನಿಮಗೇನಾಗ್ಬೇಕು?" ಎಂದು ಅವನನ್ನು ಕೇಳಿದರು.

ಅಣ್ಣ ಬಾಯಿ ತೆರೆದ. ನಾನು ಕಾದೆ. ಅವನು ಬಾಯಿ ಮುಚ್ಚಿ, ಗೋಡೆಯ ಕಡೆಗೆ ಮುಖ ತಿರುಗಿಸಿದ. ನರ್ಸಮ್ಮ ಇನ್ನೊಮ್ಮೆ ಕೇಳಿದರು. ಅವನು ತಿರುಗಲಿಲ್ಲ.

"ನನ್ನಪ್ಪ," ಎಂದಳು ಮಗಳು, ನನ್ನತ್ತ ನೋಡದೆ. "ನನ್ನಪ್ಪ ಅಂತ ಬರ್ಕೊಳ್ಳಿ."